ಹೂಳೆತ್ತುವ ಮುನ್ನ: ಮಳೆಗಾಲದ ಹರಿನೀರು ಮತ್ತು ಮಲೆನಾಡಿನ ಕೆರೆ-ಹಳ್ಳಗಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಮಲೆನಾಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೆರೆಯ ಹೂಳೆತ್ತುವ ಉತ್ಸಾಹ ಕಾಣಿಸಿಕೊಂಡಿದೆ. ಬೇಸಿಗೆ ಬಂತೆಂದರೆ ಊರೂರಿನಲ್ಲಿ ಜೆಸಿಬಿಯ ಸದ್ದು, ಟಿಪ್ಪರುಗಳ ಸಾಲು. ಸರ್ಕಾರದ ಹಣಕ್ಕೆ ಕಾಯದೆ ಊರವರೇ ವಂತಿಗೆ ಕೂಡಿಸಿ ಕೆಲಸಕ್ಕೆ ಇಳಿಯುವುದೂ ಉಂಟು. ಇದು ಸಂತೋಷದ ಸಂಗತಿ. ಆದರೆ ಹೂಳೆತ್ತಿದ ಕೆರೆಯ ಏರಿಯ ಮೇಲೆ ನಿಂತು ಕೇಳಲೇಬೇಕಾದ ಪ್ರಶ್ನೆಯೊಂದನ್ನು ಹೆಚ್ಚಿನವರು ಕೇಳುವುದಿಲ್ಲ. ಇಷ್ಟು ಹೂಳು ಬಂದದ್ದಾದರೂ ಎಲ್ಲಿಂದ? ಬಂದ ದಾರಿ ಇನ್ನೂ ತೆರೆದೇ ಇದೆಯೇ? ದಾರಿ ತೆರೆದೇ ಇದ್ದರೆ, ಲಕ್ಷಗಟ್ಟಲೆ ಖರ್ಚು ಮಾಡಿ ಹೊರಹಾಕಿದ ಮಣ್ಣಿನ ಜಾಗಕ್ಕೆ ಕೆಲವೇ ಮಳೆಗಾಲಗಳಲ್ಲಿ ಹೊಸ ಮಣ್ಣು ಬಂದು ಕುಳಿತುಕೊಳ್ಳುತ್ತದೆ. ಹೂಳೆತ್ತುವುದು ಕೆರೆಯೊಳಗಿನ ಕೆಲಸ. ಹೂಳನ್ನು ತಡೆಯುವುದು ಕೆರೆಯ ಹೊರಗೆ, ಬಹುಪಾಲು ಕೆರೆಯೇ ಕಾಣದಷ್ಟು ದೂರದಲ್ಲಿ ಆಗಬೇಕಾದ ಕೆಲಸ.

ಮೊದಲು ನೀರಿನ ಲೆಕ್ಕ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. ಆರಿದ್ರಾ ಮಳೆ ಜಡಿ ಹಿಡಿದ ದಿನ 100 ಮಿ.ಮೀ. ಸುರಿದರೆ ಒಂದೇ ಎಕರೆಗೆ 4 ಲಕ್ಷ ಲೀಟರ್ ಬಿದ್ದಂತಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಘಟ್ಟದ ನೆತ್ತಿಯಿಂದ ಮೂಡಣಕ್ಕೆ ಸರಿದಂತೆ ಈ ಪ್ರಮಾಣ ಬೇಗನೆ ಇಳಿಯುತ್ತದಾದರೂ, ಕಡಿಮೆ ಮಳೆ ಬೀಳುವ ಮಲೆನಾಡಿನ ಹಳ್ಳಿಯೂ ಬಯಲುಸೀಮೆಯ ಯಾವ ಊರೂ ಕಾಣದಷ್ಟು ನೀರನ್ನು ನಾಲ್ಕು ತಿಂಗಳಲ್ಲಿ ಕಾಣುತ್ತದೆ. ಇಷ್ಟಾದರೂ ಮಾಘಮಾಸದ ಹೊತ್ತಿಗೆ ಹಳ್ಳ ಬತ್ತುತ್ತದೆ, ಬಾವಿಯ ಹಗ್ಗ ಉದ್ದವಾಗುತ್ತದೆ.

ಕಾನಿನೊಳಗೆ ಬಿದ್ದ ಮಳೆ ಹೀಗೆ ವರ್ತಿಸುವುದಿಲ್ಲ. ಮರದ ನೆತ್ತಿ, ಕೆಳಮರ, ಪೊದೆ, ಕೊನೆಗೆ ನೆಲದ ಮೇಲಿನ ತರಗೆಲೆ, ಹೀಗೆ ನಾಲ್ಕು ಕಡೆ ಹನಿಯ ಪೆಟ್ಟು ಮುರಿಯುತ್ತದೆ. ತರಗೆಲೆಯ ಅಡಿಯಲ್ಲಿ ಎರೆಹುಳು, ಗೆದ್ದಲು, ಸತ್ತ ಬೇರುಗಳು ಮಾಡಿಟ್ಟ ಸಾವಿರಾರು ಸಣ್ಣ ದಾರಿಗಳಿಂದ ನೀರು ಕೆಳಗಿಳಿಯುತ್ತದೆ. ಬೆಳಗಾವಿಯಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳೂ ಸೇರಿದಂತೆ ಹಲವರು ಉತ್ತರ ಕನ್ನಡದ ಸಣ್ಣ ಹಳ್ಳಗಳಲ್ಲಿ ಹರಿವನ್ನು ಅಳೆದು 2010ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳು ಹೇಳುವುದೂ ಇದನ್ನೇ: ಸಹಜ ಕಾಡಿನ ನೆಲ ನೀರನ್ನು ಹೆಚ್ಚು ಇಂಗಿಸುತ್ತದೆ, ಸವೆದ, ತುಳಿದು ಗಟ್ಟಿಯಾದ ನೆಲದಲ್ಲಿ ಮಳೆಯ ಹೆಚ್ಚಿನ ಪಾಲು ಕೂಡಲೇ ಮೇಲ್ಮೈಯಲ್ಲಿ ಹರಿದುಹೋಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಡಿದ್ದರೆ ನೀರೆಲ್ಲ ಇಂಗುತ್ತದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ. ಪುಷ್ಯ, ಆಶ್ಲೇಷಾ ಮಳೆಯ ಹೊತ್ತಿಗೆ ಕಾನಿನ ನೆಲವೂ ತುಂಬಿ ತುಳುಕುತ್ತದೆ, ಅಲ್ಲಿಂದಲೂ ನೀರು ಹರಿದು ಬರುತ್ತದೆ. ವ್ಯತ್ಯಾಸವಿರುವುದು ಆ ನೀರಿನ ಬಣ್ಣದಲ್ಲಿ. ಕಾನಿನ ನೀರು ತಿಳಿಯಾಗಿ ಬರುತ್ತದೆ; ರಸ್ತೆಯ, ಬೋಳುಗುಡ್ಡದ, ಹೊಸದಾಗಿ ಕಡಿದ ಧರೆಯ ನೀರು ಕೆಂಪಾಗಿ ಬರುತ್ತದೆ. ಮಲೆನಾಡಿನ ಮಳೆಯನ್ನು ಪೂರ್ತಿ ಹಿಡಿದಿಡಲು ಯಾರಿಂದಲೂ ಆಗದು, ಹಿಡಿದಿಡಬೇಕಾಗಿಯೂ ಇಲ್ಲ. ಹರಿದುಹೋಗಬೇಕಾದ ನೀರು ನಿಧಾನವಾಗಿ, ಮಣ್ಣನ್ನು ಹೊರದೆ ಹರಿದುಹೋಗಬೇಕು. ಕೆರೆ-ಹಳ್ಳಗಳ ರಕ್ಷಣೆ ಎಂದರೆ ಮುಖ್ಯವಾಗಿ ಇಷ್ಟೇ.

ನಿಧಾನ ಎಂಬ ಮಾತಿಗೆ ಯಾಕಿಷ್ಟು ಮಹತ್ವ? ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದರ ಕೊಚ್ಚುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಿನವರೆಗೂ ಏರುತ್ತದೆ ಎಂಬುದು ಹಳೆಯ ಪಠ್ಯಪುಸ್ತಕಗಳ ನಿಯಮ. ಇದನ್ನೇ ತಿರುಗಿಸಿ ನೋಡಿದರೆ ಆಶಾದಾಯಕ: ವೇಗವನ್ನು ಅರ್ಧಕ್ಕೆ ಇಳಿಸಿದರೂ ಸಾಕು, ನೀರು ಹೊತ್ತು ತಂದ ಮರಳು ಅಲ್ಲೇ ಕೂರುತ್ತದೆ. ಅದಕ್ಕೆ ದೊಡ್ಡ ಅಣೆಕಟ್ಟು ಬೇಡ. ಒಂದು ಸಾಲು ಲಾವಂಚ, ಅಡ್ಡಲಾಗಿ ಜೋಡಿಸಿದ ನಾಲ್ಕು ಕಾಡುಕಲ್ಲು, ಸವರದೆ ಬಿಟ್ಟ ಒಂದು ಪಟ್ಟಿ ಹುಲ್ಲು ಈ ಕೆಲಸವನ್ನು ಮಾಡುತ್ತವೆ.

ಹಾಗಾದರೆ ಮಣ್ಣು ಬರುವುದು ಎಲ್ಲಿಂದ? ಇಡೀ ಜಲಾನಯನದಿಂದ ಸಮನಾಗಿ ಬರುತ್ತದೆಂದು ಭಾವಿಸುವುದು ತಪ್ಪು. 1980ರಿಂದ 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖದಲ್ಲಿ ಭದ್ರಾ ನದಿಯ ಹೂಳನ್ನು ಅಳೆದಾಗ, ಜಲಾನಯನದ ಬಹಳ ಸಣ್ಣ ಭಾಗವೊಂದು ನದಿಯ ಹೂಳಿನ ಬಹಳ ದೊಡ್ಡ ಪಾಲನ್ನು ಕೊಡಬಲ್ಲದೆಂಬುದು ಸ್ಪಷ್ಟವಾಗಿತ್ತು. ಗಣಿಯಿಲ್ಲದ ಊರಿಗೂ ಈ ಮಾತು ಅನ್ವಯಿಸುತ್ತದೆ. ನೂರು ಎಕರೆ ಗುಡ್ಡದಲ್ಲಿ ಎರಡೇ ಎಕರೆ ಬೆತ್ತಲಾಗಿದ್ದರೂ ಹಳ್ಳ ಕೆಂಪಾಗಲು ಅಷ್ಟು ಸಾಕು. ಆ ಎರಡು ಎಕರೆಯನ್ನು ಗುರುತಿಸುವುದೇ ಮೊದಲ ಕೆಲಸ.

ಹೆಚ್ಚಿನ ಊರುಗಳಲ್ಲಿ ಆ ಬೆತ್ತಲೆ ನೆಲ ಯಾವುದೆಂದರೆ ರಸ್ತೆ. ನಾಲ್ಕು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 2 ಲಕ್ಷ ಲೀಟರ್ ನೀರಾಯಿತು. ಡಾಂಬರು ಒಂದು ಹನಿಯನ್ನೂ ಕುಡಿಯುವುದಿಲ್ಲ. ಇದರ ಜೊತೆಗೆ ರಸ್ತೆಗಾಗಿ ಕಡಿದ ಧರೆ, ಗುಡ್ಡದ ಮೇಲಿನಿಂದ ತಾನಾಗಿ ಹರಡಿ ಇಳಿಯುತ್ತಿದ್ದ ನೀರನ್ನೆಲ್ಲ ತಡೆದು ಚರಂಡಿಗೆ ತಿರುಗಿಸುತ್ತದೆ. ಹತ್ತು ಸಣ್ಣ ಒರತೆಗಳಾಗಿ ಇಳಿಯಬೇಕಾದದ್ದು ಒಂದೇ ಮೋರಿಯ ಬಾಯಿಂದ ಧುಮುಕುತ್ತದೆ. ಮೋರಿಯ ಕೆಳಗಿನ ತೋಟ ಕೊರೆದುಹೋಗುತ್ತದೆ. ಪಕ್ಕದ ಕಣಿವೆಯ ಹಳ್ಳಕ್ಕೆ ಸಲ್ಲಬೇಕಾದ ನೀರು ತಪ್ಪುತ್ತದೆ. ‘ಮೊದಲು ನಮ್ಮ ಹಳ್ಳದಲ್ಲಿ ನೀರಿತ್ತು, ರಸ್ತೆ ಬಂದ ಮೇಲೆ ಹೋಯಿತು’ ಎಂದು ವೃದ್ಧರು ಹೇಳುವ ಮಾತನ್ನು ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಜಲವಿಜ್ಞಾನವಿದೆ.

ಪರಿಹಾರವೂ ದುಬಾರಿಯಲ್ಲ. ದೊಡ್ಡ ಮೋರಿ ಒಂದರ ಬದಲು ಸಣ್ಣ ಮೋರಿಗಳು ಹಲವು ಇರಬೇಕು. ಪ್ರತಿಯೊಂದರ ಬಾಯಿಯಲ್ಲಿ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿರಬೇಕು. ಅಲ್ಲಿಂದ ನೀರು ಗಿಡಗಂಟಿಗಳಿರುವ ನೆಲದ ಮೇಲೆ ಹರಡಿಕೊಂಡು ಹೋಗಬೇಕೇ ಹೊರತು ನೇರವಾಗಿ ಹಳ್ಳಕ್ಕೆ ಬೀಳಬಾರದು. ಧರೆ ಕಡಿದ ಮಣ್ಣನ್ನು ಇಳಿಜಾರಿಗೆ ದೂಡುವ ಪದ್ಧತಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಣ್ಣುಕೆಲಸ ಸಂಕ್ರಾಂತಿಯ ಆಸುಪಾಸಿನಲ್ಲೇ ಮುಗಿಯಬೇಕು. ಮಾರ್ಚ್ ಕೊನೆಗೆ ಬಿಲ್ಲು, ಏಪ್ರಿಲ್‌ನಲ್ಲಿ ಟೆಂಡರು, ಮೇ ತಿಂಗಳಲ್ಲಿ ಜೆಸಿಬಿ, ಜೂನಿನಲ್ಲಿ ಮೃಗಶಿರಾ ಮಳೆ ಎಂಬ ಈಗಿನ ಕ್ರಮವನ್ನು ಯಾರೋ ಹೂಳಿನ ಹಿತೈಷಿಗಳೇ ರೂಪಿಸಿದಂತಿದೆ. ಸಡಿಲ ಮಣ್ಣಿನ ಮೇಲೆ ಹುಲ್ಲು ಬೇರೂರುವ ಮೊದಲೇ ಮಳೆ ಬಂದು ಎಲ್ಲವನ್ನೂ ಕೆರೆಗೆ ಮುಟ್ಟಿಸುತ್ತದೆ. ಕಾಮಗಾರಿಯ ಕಾಲವನ್ನು ಪ್ರಶ್ನಿಸುವ ಹಕ್ಕು ಗ್ರಾಮಸಭೆಗಿದೆ. ಅದನ್ನು ಬಳಸಿದ ಊರುಗಳು ಮಾತ್ರ ಕಡಿಮೆ.

ಇನ್ನು ಕೃಷಿ. ಹಳೆಯ ಅಡಿಕೆ ತೋಟಗಳು ಕಣಿವೆಯ ತಳದಲ್ಲಿದ್ದವು. ಮೇಲೆ ಸೊಪ್ಪಿನ ಬೆಟ್ಟ, ಅದರ ಮೇಲೆ ಕಾನು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಡುತ್ತಿದ್ದ ವ್ಯವಸ್ಥೆ ಗೊಬ್ಬರಕ್ಕಾಗಿ ಹುಟ್ಟಿದ್ದಾದರೂ ನೀರನ್ನೂ ಕಾಯುತ್ತಿತ್ತು. ಈಗ ತೋಟವೇ ಗುಡ್ಡ ಹತ್ತಿದೆ. ಯಂತ್ರದಿಂದ ಗುಡ್ಡವನ್ನು ಮೆಟ್ಟಿಲು ಮಾಡಿ ಸಸಿ ನೆಟ್ಟ ಮೊದಲ ಮೂರು ನಾಲ್ಕು ವರ್ಷ ನೆಲಕ್ಕೆ ಹೊದಿಕೆಯೇ ಇರುವುದಿಲ್ಲ. ಶುಂಠಿಯದು ಇನ್ನೂ ಕಷ್ಟದ ಕಥೆ. ಶುಂಠಿಗೆ ನೀರು ನಿಲ್ಲಬಾರದು, ನಿಂತರೆ ಕೊಳೆ. ಆದ್ದರಿಂದ ಮಡಿಗಳ ನಡುವಿನ ಕಾಲುವೆಯನ್ನು ಇಳಿಜಾರಿನ ಜಾಡಿನಲ್ಲೇ ನೇರ ಕೆಳಕ್ಕೆ ತೆಗೆಯುತ್ತಾರೆ. ಗೇಣಿಗೆ ಹಿಡಿದ ಜಮೀನಾದರೆ ಮುಂದಿನ ವರ್ಷದ ಚಿಂತೆ ಬೆಳೆಗಾರನಿಗೆ ಇರುವುದಿಲ್ಲ. ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿ, ನೀರು ಬಸಿಯುವಷ್ಟೇ ಸಣ್ಣ ಓರೆಯಲ್ಲಿ ಹಾಕಬಹುದು. ಕಾಲುವೆಗಳ ಕೊನೆಯಲ್ಲಿ, ಹಳ್ಳಕ್ಕೆ ಸೇರುವ ಮುನ್ನ, ಮಣ್ಣು ಕೂರಲು ಗುಂಡಿ ತೆಗೆಯಬಹುದು. ಜಮೀನು ಗೇಣಿಗೆ ಕೊಡುವವರು ಈ ಎರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಮಣ್ಣು ಕೊಚ್ಚಿಹೋದ ಮೇಲೆ ಉಳಿಯುವ ನೆಲ ಅವರದೇ ತಾನೆ?

ತೋಟದಿಂದ ಮಣ್ಣಷ್ಟೇ ಬರುವುದಿಲ್ಲ. ಕೊಳೆರೋಗದ ಕುರಿತು ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಧ್ಯಯನ ನಡೆಸಿ 1910ರಲ್ಲಿ ಪ್ರಕಟಿಸಿದರು. ಮುಂದೆ ಬೋರ್ಡೋ ದ್ರಾವಣ ಅಡಿಕೆ ಬೆಳೆಗಾರರ ಆಪದ್ಬಾಂಧವನಾಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದನ್ನು ಬಿಡಿರೆಂದು ಹೇಳುವುದು ವಾಸ್ತವದಿಂದ ದೂರದ ಮಾತು. ಆದರೆ ತಾಮ್ರ ಕೊಳೆತು ನಾಶವಾಗುವ ವಸ್ತುವಲ್ಲ. ಅದು ಮಣ್ಣಿನ ಕಣಕ್ಕೆ, ಸಾವಯವ ಅಂಶಕ್ಕೆ ಅಂಟಿಕೊಂಡು ಉಳಿಯುತ್ತದೆ. ಮಣ್ಣು ಹರಿದರೆ ಜೊತೆಗೇ ಹರಿಯುತ್ತದೆ. ನೀರಿನಲ್ಲಿ ತಾಮ್ರ ಹೆಚ್ಚಾದರೆ ಮೀನು, ಕಪ್ಪೆಮರಿ, ಸಣ್ಣ ಜಲಜೀವಿಗಳಿಗೆ ಅದು ವಿಷ. ಆದ್ದರಿಂದ ದ್ರಾವಣ ಕಲೆಸುವ ಡ್ರಮ್ಮನ್ನು ಹಳ್ಳದ ದಂಡೆಯಲ್ಲಿ ಇಡಬಾರದು, ಸಿಂಪಡಣೆಯ ಸಲಕರಣೆಯನ್ನು ಹಳ್ಳದಲ್ಲಿ ತೊಳೆಯಬಾರದು, ತೋಟದ ಬಸಿಗಾಲುವೆಯ ಕೊನೆಯಲ್ಲಿ ಹುಲ್ಲಿನ ಪಟ್ಟಿಯೊಂದು ಇರಲೇಬೇಕು. ಕಳೆನಾಶಕ ಹೊಡೆದು ಮಳೆಗಾಲದ ಮುಂಚೆ ತೋಟದ ನೆಲವನ್ನು ಬೋಳಿಸುವ ಅಭ್ಯಾಸವೂ ಹರಡುತ್ತಿದೆ. ಕಳೆಯನ್ನು ಬೇರುಸಹಿತ ಸಾಯಿಸುವುದಕ್ಕೂ ಕತ್ತಿಯಿಂದಲೋ ಯಂತ್ರದಿಂದಲೋ ಸವರುವುದಕ್ಕೂ ಇರುವ ವ್ಯತ್ಯಾಸ ಜುಲೈ ತಿಂಗಳ ಹಳ್ಳದ ನೀರಿನಲ್ಲಿ ಗೊತ್ತಾಗುತ್ತದೆ. ಬೆಟ್ಟದ ದರಕು ಗುಡಿಸುವವರೂ ಕೊನೆಯ ಎಲೆಯವರೆಗೆ ಗುಡಿಸದೆ, ಕಡಿದಾದ ಜಾಗವನ್ನು ಪೂರ್ತಿ ಬಿಟ್ಟು, ಉಳಿದೆಡೆ ಒಂದು ಪದರವನ್ನಾದರೂ ನೆಲಕ್ಕೇ ಬಿಡಬೇಕು.

ಈಗ ಇಂಗುಗುಂಡಿಯ ವಿಚಾರ. ಇದು ಹಲವರಿಗೆ ಪ್ರಿಯವಾಗದ ಮಾತಾಗಬಹುದು. ಬರದ ವರ್ಷಗಳ ಅನುಭವದಿಂದ ಮಲೆನಾಡಿನಲ್ಲಿಯೂ ಇಂಗುಗುಂಡಿ ತೋಡುವ ಆಂದೋಲನ ನಡೆಯಿತು. ಉದ್ಯೋಗ ಖಾತರಿಯ ಹಣದಲ್ಲಿ ಗುಡ್ಡಗುಡ್ಡಗಳಲ್ಲಿ ಅಗಳಗಳು ಬಂದವು. ಸಾಧಾರಣ ಇಳಿಜಾರಿನಲ್ಲಿ ಇವು ಒಳ್ಳೆಯ ಕೆಲಸ ಮಾಡಿವೆ. ಕಾಫಿ ತೋಟಗಳ ತೊಟ್ಟಿಲು ಗುಂಡಿ ಇದಕ್ಕೆ ಹಳೆಯ ಉದಾಹರಣೆ: ಗಿಡಗಳ ಸಾಲಿನ ನಡುವೆ ಅಲ್ಲಲ್ಲಿ ತೋಡಿದ ಸಣ್ಣ ಗುಂಡಿಗಳು ಮಣ್ಣನ್ನೂ ಎಲೆಯನ್ನೂ ಹಿಡಿದು ಅಲ್ಲೇ ಗೊಬ್ಬರವಾಗಿಸುತ್ತವೆ. ಆದರೆ ಕಡಿದಾದ ಗುಡ್ಡದ ನೆತ್ತಿಯಲ್ಲಿ ಉದ್ದಕ್ಕೂ ಅಗಳ ತೆಗೆದು ನೀರು ನಿಲ್ಲಿಸುವುದು ಬೇರೆಯೇ ವಿಷಯ. ಜಂಬಿಟ್ಟಿಗೆ ಪದರದ ಕೆಳಗೆ ಅನೇಕ ಕಡೆ ಶೇಡಿ ಮಣ್ಣಿದೆ. ಒಣಗಿದ್ದಾಗ ಗುದ್ದಲಿಗೆ ಗಟ್ಟಿಯಾಗಿ ಸಿಗುವ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ಕೆಲವೆಡೆ ಒಳಗೊಳಗೇ ಕೊರೆದು ಸುರಂಗವಾಗುತ್ತದೆ. ಅಂಥಲ್ಲಿ ಮೇಲಿನಿಂದ ಹೆಚ್ಚುವರಿ ನೀರು ಇಂಗಿಸಿ, ಕೆಳಗೆ ರಸ್ತೆಗಾಗಿಯೋ ಮನೆಗಾಗಿಯೋ ಧರೆ ಕಡಿದಿಟ್ಟರೆ ಗುಡ್ಡಕ್ಕೆ ಆಧಾರವೇ ಇಲ್ಲದಂತಾಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗು, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಕಂಡ ಭೂಕುಸಿತಗಳಿಗೆ ಕಾರಣಗಳು ಒಂದೇ ಬಗೆಯವಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ನೀರು ತುಂಬಿದ ಇಳಿಜಾರು ಎಷ್ಟು ಅಪಾಯಕಾರಿ ಎಂಬುದನ್ನು ಈ ಮೂರೂ ತೋರಿಸಿವೆ. ಆದ್ದರಿಂದ ಗುಂಡಿ ತೋಡುವ ಮೊದಲು ಜಾಗವನ್ನು ನೋಡಬೇಕು. ಹತ್ತುವಾಗ ಕೈಯೂರಬೇಕಾಗುವಷ್ಟು ಕಡಿದಾದ ಕಡೆ, ಮನೆ ಅಥವಾ ಶಾಲೆಯ ಹಿಂದಿನ ಧರೆಯ ಮೇಲೆ, ನೆಲದಲ್ಲಿ ಬಿರುಕು ಬಿಟ್ಟ ಕಡೆ, ಮರಗಳು ಒಂದೇ ದಿಕ್ಕಿಗೆ ವಾಲಿದ ಕಡೆ, ಮಳೆಗಾಲದಲ್ಲಿ ಹೊಸದಾಗಿ ಒರತೆ ಚಿಮ್ಮಿದ ಕಡೆ ಇಂಗುಗುಂಡಿ ಬೇಡವೇ ಬೇಡ. ಅಲ್ಲಿ ಬೇಕಾದದ್ದು ಗಿಡಮರಗಳ ಹೊದಿಕೆ ಮತ್ತು ಮೇಲಿನ ನೀರನ್ನು ಸುರಕ್ಷಿತವಾಗಿ ಪಕ್ಕಕ್ಕೆ ದಾಟಿಸುವ, ಕಲ್ಲು ಹಾಸಿದ ಕಾಲುವೆ. ಗುಂಡಿಗಳ ಸಂಖ್ಯೆಯನ್ನು ಪ್ರಗತಿಯ ಅಳತೆಯಾಗಿ ವರದಿಯಲ್ಲಿ ಬರೆಯುವ ಪದ್ಧತಿಯಿಂದ ಜಾಗದ ವಿವೇಚನೆ ಮರೆಯಾಗಿದೆ.

ಮನೆಯಂಗಳದ ನೀರು ಸಣ್ಣದೆಂದು ಕಂಡರೂ ಸಣ್ಣದಲ್ಲ. ಸಾವಿರ ಚದರ ಅಡಿಯ ಮಾಡಿನ ಮೇಲೆ 3,000 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ 79 ಸಾವಿರ ಲೀಟರ್ ಆಗುತ್ತದೆ. ಸೂರಿನ ನೀರು ಬೀಳುವ ಸಾಲಿಗೆ ಕಲ್ಲು ಹಾಸಿ, ಅದನ್ನು ಕೊಟ್ಟಿಗೆಯ ಗೊಬ್ಬರಗುಂಡಿಯ ಮೇಲೆ ಹಾಯದಂತೆ ತಿರುಗಿಸುವುದು ಮುಖ್ಯ. ಗೊಬ್ಬರಗುಂಡಿಯನ್ನು ತೊಳೆದುಕೊಂಡು ಬಂದ ನೀರು ಕೆರೆಗೆ ಸೇರಿದರೆ ಸಾರಜನಕ, ರಂಜಕಗಳನ್ನು ಕೆರೆಗೆ ಉಣಬಡಿಸಿದಂತೆಯೇ ಸರಿ. ಪಾಚಿಗೂ ಅಂತರಗಂಗೆಗೂ ಅದೇ ಹಬ್ಬ. ಗೊಬ್ಬರಕ್ಕೆ ಮಾಡು ಹಾಕಿದರೆ ತೋಟಕ್ಕೂ ಲಾಭ, ಕೆರೆಗೂ ಲಾಭ.

ಹಳ್ಳದ ದಂಡೆಯ ವಿಚಾರದಲ್ಲಿ ಜಾಸ್ತಿ ಹೇಳಬೇಕಾದ್ದಿಲ್ಲ. ಹೊಳೆಮತ್ತಿ, ಹೊಳೆದಾಸವಾಳ, ವಾಟೆ, ಕೇದಗೆ ಇದ್ದ ದಂಡೆಯನ್ನು ಕಡಿದು ಕಾಂಕ್ರೀಟ್ ಗೋಡೆ ಕಟ್ಟುವುದು ಹೆಚ್ಚಿನ ಕಡೆ ಅನವಶ್ಯಕ. ಗೋಡೆ ಕಟ್ಟಿದಲ್ಲಿ ವೇಗ ಹೆಚ್ಚುತ್ತದೆ, ಕೊರೆತ ಗೋಡೆ ಮುಗಿದಲ್ಲಿ ಶುರುವಾಗುತ್ತದೆ. ಕಣಿವೆಯ ತಲೆಯಲ್ಲಿರುವ ಜೌಗುಗಳನ್ನು ಮಾತ್ರ ಯಾವ ಕಾರಣಕ್ಕೂ ಬಸಿದು ತೋಟ ಮಾಡಬಾರದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜೌಗುಗಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವ ಜೀವಂತ ಕೆರೆಗಳು. ಅಲ್ಲಿಂದ 2000ದಲ್ಲಿ ಹೊಸ ಮರಪ್ರಭೇದವೊಂದನ್ನು ವಿಜ್ಞಾನಿಗಳು ದಾಖಲಿಸಿದ್ದೂ ಉಂಟು; ಅಷ್ಟು ದಿನ ಅದು ಯಾರ ಕಣ್ಣಿಗೂ ಬೀಳದೆ ನೀರು ಕಾಯುತ್ತ ನಿಂತಿತ್ತು.

ಪಟ್ಟಣಗಳಲ್ಲಿ ತೊಂದರೆಯ ಸ್ವರೂಪ ಬೇರೆ. ಸಾಗರ ಪಟ್ಟಣಕ್ಕೆ ಆ ಹೆಸರು ಬಂದದ್ದು ಕೆಳದಿಯ ಸದಾಶಿವ ನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದನೆನ್ನಲಾದ ಸದಾಶಿವಸಾಗರ ಕೆರೆಯಿಂದ. ಹೀಗೆ ಕೆರೆಯಿಂದ ಹುಟ್ಟಿದ ಊರುಗಳು ಬೆಳೆಯುತ್ತ ಕೆರೆಯನ್ನೇ ಸುತ್ತುವರಿದಾಗ, ಮೊದಲ ಮಳೆಯ ನೀರು ಬೀದಿಯ ಎಣ್ಣೆ, ಕಸ, ಚರಂಡಿಯ ಕೊಳೆಯನ್ನೆಲ್ಲ ಹೊತ್ತುಕೊಂಡು ಒಳಗೆ ಬರುತ್ತದೆ. ಮಳೆನೀರಿನ ಚರಂಡಿ ಬೇರೆ, ಬಚ್ಚಲುನೀರಿನ ಚರಂಡಿ ಬೇರೆ ಆಗದ ಹೊರತು ಪಟ್ಟಣದ ಕೆರೆಗೆ ಮುಕ್ತಿಯಿಲ್ಲ. ಕೆರೆಯ ಸುತ್ತ ನಡಿಗೆಪಥ, ದೀಪದ ಕಂಬ, ಕಾರಂಜಿಗಳಿಗೆ ಸಿಗುವ ಹಣದಲ್ಲಿ ಸ್ವಲ್ಪ ಭಾಗ ಇದಕ್ಕೆ ಸಿಗಬೇಕು.

ಕೊನೆಗೆ ಕೆರೆಯ ಬಾಯಿ. ಮೇಲೆ ಎಷ್ಟು ಮಾಡಿದರೂ ಸ್ವಲ್ಪ ಮಣ್ಣು ಬಂದೇ ಬರುತ್ತದೆ. ಆದ್ದರಿಂದ ನೀರು ಕೆರೆಗೆ ಸೇರುವ ಜಾಗದಲ್ಲಿ, ಕೆರೆಯ ಹೊರಗೆ, ಹೂಳುಗುಂಡಿಯೊಂದು ಬೇಕು. ಕಾಲುವೆಯನ್ನು ಅಲ್ಲಿ ಅಗಲ ಮಾಡಿ, ಕೆಳತುದಿಗೆ ಒಡ್ಡುಕಲ್ಲು ಕಟ್ಟಿ, ಅದರಾಚೆ ಹುಲ್ಲು ಬೆಳೆಸಿದರಾಯಿತು. ಮರಳು ನಿಮಿಷಗಳಲ್ಲಿ ಗುಂಡಿಯಲ್ಲಿ ಕೂರುತ್ತದೆ. ಜೇಡಿ ಕೂರಲು ದಿನಗಳೇ ಬೇಕು, ಅದನ್ನು ಗುಂಡಿ ಹಿಡಿಯಲಾರದು. ಅದಕ್ಕೆ ಮೂಲದಲ್ಲೇ ನೆಲದ ಹೊದಿಕೆಯೊಂದೇ ಉಪಾಯ. ಹೂಳೆತ್ತುವಾಗ ಕೆರೆಯ ತಳದ ಜೇಡಿ ಪದರವನ್ನು ಒಡೆಯಬಾರದು. ಒಡೆದರೆ ಆಳವಾದ ಕೆರೆ ಸಿಗುತ್ತದೆ, ನೀರು ನಿಲ್ಲುವುದಿಲ್ಲ. ದಂಡೆಯ ಆಳವಿಲ್ಲದ ಅಂಚನ್ನು, ಮೊದಲ ಮಳೆಗೆ ಮೀನು ಹತ್ತಿ ಮೊಟ್ಟೆಯಿಡುವ ಗದ್ದೆಬದಿಯ ಕಾಲುವೆಗಳನ್ನು ಹಾಗೆಯೇ ಬಿಡಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬರುವ ಮೃಗಶಿರಾ ಮಳೆಯಲ್ಲಿ ಹಳ್ಳಕ್ಕೆ ಬಂದು ಸೇರುವ ಪ್ರತಿಯೊಂದು ಕಾಲುವೆ, ಮೋರಿ, ತೋಡಿನಿಂದ ಒಂದೊಂದು ಗಾಜಿನ ಬಾಟಲಿ ನೀರು ಹಿಡಿದು, ಜಾಗದ ಹೆಸರು, ದಿನ, ಗಂಟೆ ಬರೆದು ಶಾಲೆಯ ಕಿಟಕಿಯಲ್ಲಿ ಸಾಲಾಗಿ ಇಡಬೇಕು. ಮರುದಿನ ಪ್ರತಿ ಬಾಟಲಿಯ ತಳದಲ್ಲಿ ಕೂತ ಮಣ್ಣನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಮಳೆ ನಿಂತ ಮೇಲೆ ಹಳ್ಳ ಎಷ್ಟು ಗಂಟೆಯಲ್ಲಿ ತಿಳಿಯಾಯಿತೆಂಬುದನ್ನೂ ಬರೆದಿಡಬೇಕು. ಹೆಚ್ಚು ಮಣ್ಣು ಕೂತ ಬಾಟಲಿ ಯಾವ ಜಾಗದ್ದೋ, ಊರಿನ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಈ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಬೇಕು. ಕೆರೆಬಾಯಿಯ ಹೂಳುಗುಂಡಿಯನ್ನು ಪ್ರತಿವರ್ಷ ದೀಪಾವಳಿ ಕಳೆದು ಗುಂಡಿ ಒಣಗಿದ ಕೂಡಲೇ ಖಾಲಿ ಮಾಡಬೇಕು. ಆ ಗೋಡುಮಣ್ಣನ್ನು ಯಾರ ತೋಟಕ್ಕೆ, ಯಾವ ಸರದಿಯಲ್ಲಿ ಕೊಡುವುದೆಂಬುದನ್ನು ಗುಂಡಿ ತೋಡುವ ದಿನವೇ ತೀರ್ಮಾನಿಸಿಕೊಂಡರೆ ಅದನ್ನು ಎತ್ತಲು ಆಳು ಹುಡುಕುವ ಕಷ್ಟ ಬಾರದು.